ಪಕ್ಕದ ಮನೆಯ ಗಂಟೆ

“ಟಿಣ್…” ಎಂದು ಅಕ್ಕ ಕಣ್ಣು ಮುಚ್ಚಿ ಉಸಿರು ಹಿಡಿದಳು. ಕೌಂಟರಿನ ಆಚೆಗಿದ್ದ ಅಂಗಡಿಯವನೂ ಯಾಕೆಂದು ತಿಳಿಯದೆ ಅವಳ ಜೊತೆಗೇ ಉಸಿರು ಹಿಡಿದ. ಅವನ ಹಿಂದೆ ಸಾಲಾಗಿ ನಿಂತಿದ್ದ ಟೇಬಲ್ ಫ್ಯಾನುಗಳು ಮಾತ್ರ ಅತ್ತಿಂದಿತ್ತ ತಲೆ ತಿರುಗಿಸುತ್ತ, ಮುಂದೇನು ಮುಂದೇನು ಎಂದು ಒಂದನ್ನೊಂದು ಕೇಳುತ್ತಿದ್ದವು. “…ಟೊಕ್,” ಎಂದು ಮುಗಿಸಿ ಅಕ್ಕ ಕಣ್ಣು ಬಿಟ್ಟಳು.

“ಟೊಕ್ ಅಲ್ಲ ಅಕ್ಕಾ, ಟೊಂಕ್,” ಎಂದ ತಮ್ಮ. “ಕೊನೇಲಿ ಸ್ವಲ್ಪ ಮೂಗಿತ್ತು ಅದಕ್ಕೆ. ನೆಗಡಿ ಆದವರು ‘ಸಾಕು’ ಅಂದ ಹಾಗೆ.”

“ಮೂಗು ಬೆಲ್ಲಿಗಿರಲಿಲ್ಲ, ನಿನಗಿದೆ. ಬೇಡದ ಕಡೆಯೆಲ್ಲ ತೂರಿಸೋಕೆ.”

“ಇದೆ ಮೇಡಂ, ಇದೆ,” ಎಂದು ಅಂಗಡಿಯವನು ನಡುವೆ ಬಂದ. ಗೂಡಿನಿಂದ ಒಂದು ಡಬ್ಬಿ ತೆಗೆದು, ಎರಡು ತಂತಿ ತಾಗಿಸಿ ಒತ್ತಿದ. ಡಿಂಗ್ ಡಾಂಗ್ ಎಂದಿತು ಅದು. ಯಾರದೋ ವಿಮಾನ ತಡವಾಗಿದೆ ಎಂದು ಹೇಳುವ ಮುಂಚೆ ನಿಲ್ದಾಣದಲ್ಲಿ ಬಾರಿಸುವಂಥ, ತಪ್ಪು ತಮ್ಮದಲ್ಲ ಎನ್ನುವಂಥ ನಯವಾದ ಸದ್ದು.

ಅಕ್ಕ, ತಮ್ಮ ಇಬ್ಬರೂ ಒಟ್ಟಿಗೆ ಹಿಂದೆ ತಿರುಗಿದರು. ಅಂಗಡಿಯ ಬಾಯಲ್ಲಿ ಒಂದು ಸ್ಟೂಲಿನ ಮೇಲೆ ಅಮ್ಮ ಕೂತಿದ್ದಳು. ಕೈಚೀಲವನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದು, ಬಸ್ಸು ಬಂದರೂ ಸರಿ ಬರದಿದ್ದರೂ ಸರಿ ಎನ್ನುವ ಹಾಗೆ.

“ಅಮ್ಮಾ, ಬೆಲ್ಲಾಯ್ತಲ್ಲ,” ಎಂದಳು ಅಕ್ಕ.

“ಹೂಂ,” ಎಂದಳು ಅಮ್ಮ ನೆಮ್ಮದಿಯಾಗಿ. “ಪಕ್ಕದ ಮನೆದು.”

ತಪ್ಪೆಲ್ಲ ತಮ್ಮನದೆಂದು ಅಕ್ಕನ ವಾದ. ತಮ್ಮ ನೀರು ಸೋಸುವ ಯಂತ್ರ ಮಾರುವವನು. ಕಂಡವರ ಮನೆಯ ಗಂಟೆ ಒತ್ತಿ, ಅವರಿಂದ ‘ಬೇಡ’ ಎನಿಸಿಕೊಂಡು ಬರುವುದು ಅವನ ಕಸುಬು. ಆ ಬೇಡಗಳನ್ನೆಲ್ಲ ಅವನು ಮನೆಗೆ ತಂದು ಬಗೆಬಗೆಯಾಗಿ ಮಾಡಿ ತೋರಿಸುತ್ತಿದ್ದ: ಕಿಟಕಿಯ ಸಂದಿಯ ಬೇಡ, ಸ್ನಾನದ ಮನೆಯಿಂದ ಕೂಗಿದ ಬೇಡ, ಅಪ್ಪ ಮನೆಯಲ್ಲಿಲ್ಲ ಎಂದು ಅಪ್ಪನೇ ಹೇಳಿದ ಬೇಡ. ಗಂಟೆಗಳ ವಿಷಯದಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂಬ ಹೆಮ್ಮೆ ಅವನಿಗೆ. ಹಾಗಾಗಿ ಹೋದ ತಿಂಗಳು ಮನೆಯ ಹಳೆಯ ಗಂಟೆ ಸುಟ್ಟುಹೋದಾಗ, ಅಕ್ಕ ಕೆಲಸದಿಂದ ಬರುವಷ್ಟರಲ್ಲಿ ಅದನ್ನು ಕಿತ್ತು ಗುಜರಿಯವನಿಗೆ ಕೊಟ್ಟು, ಒತ್ತಿದಾಗೊಮ್ಮೆ ಒಂದೊಂದು ರಾಗ ನುಡಿಸುವ ಹೊಸದನ್ನು ತಂದು ಹಾಕಿದ್ದ. ಊರಿನ ಒಳ್ಳೊಳ್ಳೆಯ ಮನೆಗಳಲ್ಲೆಲ್ಲ ಇರುವುದು ಅದೇ ಎಂದು ಬೇರೆ ಹೇಳಿದ್ದ.

ಅಕ್ಕ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಿರಾಕಿಗಳ ಕಣ್ಣಿನ ಮುಂದೆ ಗಾಜು ಬದಲಾಯಿಸುತ್ತ ‘ಹೀಗೆ ಚೆನ್ನಾಗಿ ಕಾಣುತ್ತಾ, ಹೀಗಾ’ ಎಂದು ದಿನವಿಡೀ ಕೇಳಿ, ಸಂಜೆ ಮನೆಯ ಗಂಟೆ ಒತ್ತಿದಾಗ ಬಾಗಿಲು ತೆಗೆಯುತ್ತಿದ್ದವಳು ಅಮ್ಮ. ಅಮ್ಮನ ನೆನಪು ಹೊಲಿಗೆ ಬಿಚ್ಚಿದ ಬಟ್ಟೆಯ ಹಾಗೆ ಎಲ್ಲೆಲ್ಲೋ ಸಡಿಲಾಗಿ ಬಹಳ ದಿನವಾಗಿತ್ತು. ರಾತ್ರಿ ಊಟದ ಹೊತ್ತಿಗೆ ಅಕ್ಕ ಒಮ್ಮೆ ಸತ್ತುಹೋದ ದೊಡ್ಡಮ್ಮನಾಗಿರುತ್ತಿದ್ದಳು, ಒಮ್ಮೆ ಸೂಜಿ ಚುಚ್ಚಲು ಬಂದ ನರ್ಸು, ಒಮ್ಮೆ ಯಾರೂ ಅಲ್ಲ. ಆದರೆ ಆ ಗಂಟೆ ಟಿಣ್ ಎಂದು, ಒಂದು ಉಸಿರು ಬಿಟ್ಟು ಟೊಕ್ ಎಂದರೆ ಸಾಕು, ಅಮ್ಮ ಎಲ್ಲಿದ್ದರೂ ಎದ್ದು ಬಂದು ಬಾಗಿಲು ತೆಗೆದು, “ಬಂದ್ಯಾ ಪುಟ್ಟಿ? ಮುಖ ತೊಳ್ಕೋ ಹೋಗು,” ಎನ್ನುತ್ತಿದ್ದಳು. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಯಾವುದಕ್ಕೂ ಆಗದ ಕೆಲಸ, ಬಾಗಿಲ ಮೇಲಿನ ಈ ಇಪ್ಪತ್ತೈದನೆಯ ಗಂಟೆಗೆ ಆಗುತ್ತಿತ್ತು: ಅಕ್ಕನನ್ನು ಮಗಳನ್ನಾಗಿ ಮಾಡುವುದು.

ಹೊಸ ಗಂಟೆ ರಾಗವಾಗಿ ಹಾಡಿದ ದಿನ ಅಮ್ಮ ಕುರ್ಚಿಯಿಂದ ಏಳಲಿಲ್ಲ. ಪಕ್ಕದ ಮನೆಯವರು ರೇಡಿಯೋ ಜೋರಾಗಿ ಇಟ್ಟಿದ್ದಾರೆ ಎಂದಳಂತೆ. ಬಾಗಿಲು ತೆಗೆದದ್ದು ಹಗಲೆಲ್ಲ ಅಮ್ಮನನ್ನು ನೋಡಿಕೊಳ್ಳುವ ಎದುರು ಮನೆಯ ಆಂಟಿ. ಅಂದಿನಿಂದ ಅಕ್ಕನನ್ನು ಯಾರೂ ಮುಖ ತೊಳೆದುಕೋ ಎಂದಿಲ್ಲ.

ಇವತ್ತು ರಜೆ. ಆಂಟಿಗೂ ರಜೆ. ಹಾಗಾಗಿ ಅಮ್ಮನೂ ಬಜಾರಿಗೆ ಬಂದಿದ್ದಳು.

“ನೋಡಿ,” ಎಂದ ಫ್ಯಾನಿನ ಅಂಗಡಿಯವನು, ಇಷ್ಟು ಹೊತ್ತಿಗೆ ಅವನಿಗೂ ಹಟ ಹತ್ತಿತ್ತು, “ಒಳಗಡೆ ಓಣಿಗೆ ಹೋಗಿ. ಅಲ್ಲೊಬ್ಬ ಬೆಲ್ಲಿನವನಿದ್ದಾನೆ. ಬೆಲ್ಲು ಬಿಟ್ರೆ ಬೇರೇನೂ ಇಡಲ್ಲ ಆಸಾಮಿ. ಅವನ ಹತ್ರ ಇಲ್ಲ ಅಂದ್ರೆ ಅಂಥದ್ದೊಂದು ಹುಟ್ಟೇ ಇಲ್ಲ ಅಂತ ತಿಳ್ಕೊಳಿ.”

ಮೂವರೂ ಒಳಗಿನ ಓಣಿಗೆ ಹೊರಟರು. ಆ ಬಜಾರಿನಲ್ಲಿ ಹಗಲಿಗೆ ಕೆಲಸವಿರಲಿಲ್ಲ. ಮೇಲೆ ತಗಡಿನ ಮಾಡು, ಅದರ ಕೆಳಗೆ ಆಕಾಶದ ಬದಲು ಬಲ್ಬುಗಳು; ಒಂದು ಅಂಗಡಿಯ ಮುಂದೆ ಬೆಳಗಾಗಿದ್ದರೆ ಅದರ ಪಕ್ಕದಲ್ಲೇ ಕೆಂಪಗೆ ಸಂಜೆಯಾಗುತ್ತಿತ್ತು, ಅದರಾಚೆಗೆ ಹಸಿರು ಬಣ್ಣದ, ಹೆಸರಿಲ್ಲದ ಒಂದು ಹೊತ್ತು. ವೈರು ಮಾರುವ ಓಣಿಯಲ್ಲಿ ವೈರಿನ ಜೊತೆಗೆ ಎದುರುಬದುರು ಅಂಗಡಿಯವರ ವೈರವೂ ಸುರುಳಿ ಸುರುಳಿಯಾಗಿ ಸಿಗುತ್ತಿತ್ತು. ಮೊಬೈಲು ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು, ಇರುವೆಗಳಿಗೆ ಹಲ್ಲು ಕೀಳುವ ಡಾಕ್ಟರುಗಳ ಹಾಗೆ ಬಗ್ಗಿ ಕೂತಿದ್ದರು. ಯಾರೋ ಸ್ಪೀಕರು ಪರೀಕ್ಷೆ ಮಾಡುತ್ತಿದ್ದರು. ಒಬ್ಬನ ‘ಹಲೋ’ ಓಣಿಯ ಉದ್ದಕ್ಕೂ ಹೋಗಿ, ಉತ್ತರ ಸಿಗದೆ, ತಲೆ ತಗ್ಗಿಸಿಕೊಂಡು ಹಿಂದಕ್ಕೆ ಬರುತ್ತಿತ್ತು. ಈ ಬಜಾರಿನಲ್ಲಿ ‘ಇಲ್ಲ’ ಎನ್ನುವ ಪದವನ್ನೇ ಮಾರಿಬಿಟ್ಟಿದ್ದರು. ಏನು ಕೇಳಿದರೂ ‘ಇದೆ’, ಇಲ್ಲವೇ ‘ಎರಡೇ ನಿಮಿಷ’. ಎರಡೇ ನಿಮಿಷ ಎಂದವನು ಹಿಂಬಾಗಿಲಿನಿಂದ ಓಡಿ, ಇನ್ನೊಂದು ಅಂಗಡಿಯಿಂದ ತಂದು, ತನ್ನದೇ ಎಂಬಂತೆ ಧೂಳು ಕೊಡವಿ ಕೊಡುತ್ತಿದ್ದ.

ಟಿವಿ ಅಂಗಡಿಯೊಂದರ ಗೋಡೆಯ ತುಂಬ ಪರದೆಗಳು. ಎಲ್ಲದರಲ್ಲೂ ಒಂದೇ ಆಮೆ ನೀಲಿ ನೀರಿನಲ್ಲಿ ಈಜುತ್ತಿತ್ತು. ಅದರ ಬೆಳಕು ನೆಲದ ಮೇಲೆ ಬಿದ್ದು ಅಲೆಯಾಡುತ್ತಿದ್ದರೆ, ಅಮ್ಮ ಅಲ್ಲಿಗೆ ಬಂದಾಗ ಕಾಲನ್ನು ಕೊಂಚ ಎತ್ತಿ ಎತ್ತಿ ಇಟ್ಟಳು, ನೀರಿನಲ್ಲಿ ನಡೆಯುವವರ ಹಾಗೆ. ತಮ್ಮನೂ ಹಾಗೇ ಮಾಡಿದ. ಅಕ್ಕ ನಗಬೇಕೆಂದುಕೊಂಡು, ತಾನೂ ಚಪ್ಪಲಿ ಎತ್ತಿಟ್ಟು ದಾಟಿದಳು.

ಅದರ ಪಕ್ಕದಲ್ಲಿ ಕ್ಯಾಮೆರಾ ಅಂಗಡಿ, ಕಳ್ಳರನ್ನು ಹಿಡಿಯುವಂಥವು. ಹೋಗಿಬರುವವರೆಲ್ಲ ಬಾಗಿಲ ಬಳಿಯ ಸಣ್ಣ ಪರದೆಯಲ್ಲಿ ಕಾಣುತ್ತಿದ್ದರು. ಅಮ್ಮ ಅದರ ಮುಂದೆ ನಿಂತುಬಿಟ್ಟಳು.

“ಆ ಹೆಂಗಸು ನೋಡು,” ಎಂದಳು. “ಪಾಪ, ಆಗಿನಿಂದ ಚೀಲ ಹಿಡ್ಕೊಂಡು ನಿಂತಿದಾಳೆ. ಯಾರಾದ್ರೂ ಬಂದು ಕರ್ಕೊಂಡು ಹೋಗಬಾರದಾ?”

“ಕರ್ಕೊಂಡು ಹೋಗೋರು ಪಕ್ಕದಲ್ಲೇ ಇದಾರಲ್ಲಮ್ಮ,” ಎಂದು ಅಕ್ಕ ಪರದೆಯ ಮೇಲೆ ತನ್ನನ್ನೇ ಬೆರಳಿಟ್ಟು ತೋರಿಸಿದಳು.

ಅಮ್ಮ ಬಗ್ಗಿ ನೋಡಿದಳು. “ಅವಳಾ? ಅವಳು ಅಂಗಡಿಯವಳು. ಅವಳಿಗೆ ಅವಳ ಕೆಲಸ.”

ತಮ್ಮ ಅಕ್ಕನ ಮುಖ ನೋಡಿ, ಅಮ್ಮನ ತೋಳು ಹಿಡಿದು ಮುಂದಕ್ಕೆ ನಡೆಸಿದ.

ಬೆಲ್ಲಿನವನ ಅಂಗಡಿಗೆ ಗಾಜಿನ ಬಾಗಿಲಿತ್ತು, ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುವಂಥದ್ದು. ಒಳಗೆ ಕಾಲಿಟ್ಟರೆ ಹೊರಗಿನ ಗದ್ದಲವೆಲ್ಲ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ. ಒಂದು ಇಡೀ ಗೋಡೆಗೆ ಹಲಗೆ ಹೊಡೆದು, ಅದರ ಮೇಲೆ ಗಂಟೆಗಳನ್ನು ಸಾಲಾಗಿ ಕೂರಿಸಿದ್ದ. ಒಂದೊಂದಕ್ಕೂ ಕೆಳಗೆ ಒಂದೊಂದು ಗುಂಡಿ. ಬೆಲ್ಲಿನವನು ದಪ್ಪಗೆ, ನಿದ್ದೆಗಣ್ಣಿನ ಮನುಷ್ಯ. ಅಕ್ಕನ ಟಿಣ್-ಟೊಕ್ ಕೇಳಿ, ತಮ್ಮನ ಟೊಂಕ್ ಕೇಳಿ, ಇಬ್ಬರಿಗೂ ತಲೆಯಾಡಿಸಿದ.

“ಎಲ್ಲಾ ಇದೆ,” ಎಂದ. “ಅಮ್ಮಾವ್ರನ್ನ ಕೂರಿಸಿ.”

ಅಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ಬೆಲ್ಲಿನವನು ಒಂದು ಗುಂಡಿ ಒತ್ತಿದ. “ಸೇಮ್ ಟು ಸೇಮ್,” ಎಂದ. ಅಲ್ಲ. ಇನ್ನೊಂದು ಒತ್ತಿದ. “ಇದು ನೋಡಿ, ಸೇಮ್ ಟು ಸೇಮ್.” ಅದು ಹಕ್ಕಿಯ ಕೂಗು. ಮತ್ತೊಂದು ಒತ್ತಿದರೆ ಯಾವಳೋ ಒಬ್ಬಳು ‘ದಯವಿಟ್ಟು ಬಾಗಿಲು ತೆಗೆಯಿರಿ’ ಎಂದು ಬೇಡಿಕೊಂಡಳು. ಅದನ್ನೂ ಸೇಮ್ ಟು ಸೇಮ್ ಎಂದ.

“ಸೇಮಣ್ಣ,” ಎಂದು ತಮ್ಮ ಅಕ್ಕನ ಕಿವಿಯಲ್ಲಿ ಅವನಿಗೆ ನಾಮಕರಣ ಮಾಡಿದ. ಆಮೇಲೆ ಅವನಿಗೂ ಹುಮ್ಮಸ್ಸು ಬಂದು, ಒಂದೊಂದು ಗಂಟೆ ಬಾರಿಸಿದ ಹಾಗೆ ಆ ಮನೆಯವರ ದನಿಯಲ್ಲಿ ಉತ್ತರ ಕೊಡತೊಡಗಿದ. ಹಕ್ಕಿಗೆ, “ಯಾರೂ? ಅವರು ಧ್ಯಾನದಲ್ಲಿದ್ದಾರೆ.” ಉದ್ದನೆಯ ರಾಗಕ್ಕೆ, “ಇರಿ, ಹಾಡು ಮುಗೀಲಿ, ಆಮೇಲೆ ಬೇಡ ಅಂತೀನಿ.” ಸೇಮಣ್ಣನ ನಿದ್ದೆಗಣ್ಣೂ ಅರಳಿತು. ಅಕ್ಕ ಮಾತ್ರ ಬಾಗಿಲ ಕಡೆಗೇ ನೋಡುತ್ತಿದ್ದಳು. ಹೀಗೆ ಚೆನ್ನಾಗಿ ಕಾಣುತ್ತಾ, ಹೀಗಾ? ಗಾಜು ಬದಲಾಯಿಸಿದ ಹಾಗೆಲ್ಲ ಅಮ್ಮನ ಮುಖ ಹಾಗೇ ಇತ್ತು, ತಿಳಿಯಾಗಿ, ದೂರವಾಗಿ.

“ಅಲ್ಲಪ್ಪ, ಹಳೇದು,” ಎಂದಳು ಅಕ್ಕ. “ಒಳಗೆ ಸಣ್ಣ ಕಡ್ಡಿ ಹೋಗಿ ತಗಡಿಗೆ ಬಡಿಯುತ್ತಲ್ಲ, ಅಂಥದ್ದು. ಸ್ಪ್ರಿಂಗು ಸೋತು ಎರಡನೇ ಏಟು ನಿಧಾನ ಆಗಿರೋದು.”

“ಎರಡೇ ನಿಮಿಷ,” ಎಂದು ಸೇಮಣ್ಣ ಹಿಂಬಾಗಿಲಿನಲ್ಲಿ ಮಾಯವಾದ.

ಅವನ ಎರಡು ನಿಮಿಷ ಹಿಗ್ಗಿತು. ಗಾಜಿನಾಚೆ ಜನ ಬಾಯಾಡಿಸುತ್ತ, ಸದ್ದಿಲ್ಲದೆ, ಆ ಆಮೆಯ ಹಾಗೆ ತೇಲಿಹೋಗುತ್ತಿದ್ದರು. ಸೇಮಣ್ಣ ಬಂದಾಗ ಅವನ ಕೈಯಲ್ಲಿ ಹಳದಿಗಟ್ಟಿದ ಒಂದು ಪೆಟ್ಟಿಗೆಯಿತ್ತು, ಮೇಲೆ ಇನ್ನೂ ಯಾರದೋ ಗೋಡೆಯ ಸುಣ್ಣ. ಹಳೆಯ ಕಟ್ಟಡವೊಂದನ್ನು ಕೆಡವಿದಾಗ ಬಂದದ್ದಂತೆ. ಮಾತಾಡದೆ ತಂತಿ ತಾಗಿಸಿ ಒತ್ತಿದ.

ಟಿಣ್… ಟೊಕ್.

ತಮ್ಮನ ತೋಳಿನ ಮೇಲೆ ಕೂದಲು ನಿಮಿರಿ ನಿಂತದ್ದು ಅಕ್ಕನಿಗೆ ಕಂಡಿತು. “ಮೂಗಿರಲಿಲ್ಲ,” ಎಂದ ಅವನು ಮೆಲ್ಲಗೆ. “ನೀನು ಹೇಳಿದ್ದೇ ಸರಿ ಅಕ್ಕಾ.” ಶಾಲೆಯಿಂದ ಬಂದ ಮಧ್ಯಾಹ್ನಗಳು, ಫೇಲಾಗಿ ಬಂದ ಒಂದು ಸಂಜೆ, ಅಪ್ಪನನ್ನು ಆಸ್ಪತ್ರೆಯಿಂದ ಕರೆತಂದದ್ದು, ಆಮೇಲೆ ಅಪ್ಪನಿಲ್ಲದೆ ಬಂದದ್ದು, ಎಲ್ಲ ಆ ಎರಡು ಏಟಿನ ನಡುವಿನ ಸಂದಿಯಲ್ಲಿ ಹಾದುಹೋಯಿತು. ಅಕ್ಕ ಅಮ್ಮನತ್ತ ತಿರುಗಿದಳು.

ಅಮ್ಮ ಕೈಚೀಲದ ಹಿಡಿಯನ್ನು ಸವರುತ್ತಿದ್ದಳು.

“ಇನ್ನೊಂದ್ಸಲ ಒತ್ತಿ,” ಎಂದಳು ಅಕ್ಕ.

ಟಿಣ್… ಟೊಕ್.

“ಅಮ್ಮಾ. ಬೆಲ್ಲು.”

“ಕೇಳಿಸ್ತು,” ಎಂದಳು ಅಮ್ಮ, ಕೊಂಚ ಬೇಸರದಿಂದ. “ಯಾರ ಮನೆದೋ. ತೆಗೀತಾರೆ ಬಿಡು.”

ಅಕ್ಕ ಕೌಂಟರಿನ ಮೇಲೆ ಕೈಯಿಟ್ಟು ನಿಂತಳು. ಗಂಟೆ ಕಳೆದುಹೋದದ್ದೆಂದು ಇಷ್ಟು ದಿನ ಅಂದುಕೊಂಡಿದ್ದಳು. ಗಂಟೆ ಇಲ್ಲೇ ಇತ್ತು, ಸುಣ್ಣ ಮೆತ್ತಿಕೊಂಡು, ಚೆನ್ನಾಗಿ ಬಾರಿಸುತ್ತ. ಒಂದು ತಿಂಗಳಲ್ಲಿ ಅಮ್ಮನೇ ಆ ಗಂಟೆಯ ಮನೆ ಖಾಲಿ ಮಾಡಿಕೊಂಡು ಹೋಗಿದ್ದಳು. ತಮ್ಮ ಅಕ್ಕನ ಬೆನ್ನ ಮೇಲೆ ಕೈಯಿಡಲು ಹೋಗಿ, ಇಡಲಾಗದೆ, ಗೋಡೆಯ ಹಲಗೆಯ ಹತ್ತಿರ ಸರಿದುಹೋದ. ಏನು ಮಾಡಬೇಕೆಂದು ತೋಚದಾಗ ಅವನ ಬೆರಳು ಹೋಗುವುದು ಒಂದೇ ಕಡೆಗೆ. ಹಲಗೆಯ ಕೊಟ್ಟಕೊನೆಯಲ್ಲಿ, ಯಾರೂ ಕೇಳದ ಕಪ್ಪು ಪೆಟ್ಟಿಗೆಯೊಂದರ ಗುಂಡಿಯನ್ನು ಸುಮ್ಮನೆ ಒತ್ತಿದ.

ಗರ್ರ್ರ್ ಎಂದಿತು ಅದು, ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿಯ ಹಾಗೆ.

“ಅದು ಬಜರು,” ಎಂದ ಸೇಮಣ್ಣ. “ಕಾರ್ಖಾನೆಗೆ ಹಾಕ್ತಾರೆ. ಮನೆಗೆ ಅದು—”

ಅಮ್ಮ ಎದ್ದಿದ್ದಳು. ಕೈಚೀಲವನ್ನು ಕುರ್ಚಿಯ ಮೇಲಿಟ್ಟು, ಎರಡೂ ಕೈಯಿಂದ ಕೂದಲು ಒತ್ತಿ ಸರಿಮಾಡಿಕೊಂಡು, ಗಾಜಿನ ಬಾಗಿಲಿನತ್ತ ನಡೆದಳು. ನಡಿಗೆಯಲ್ಲಿ ಒಂದು ಅವಸರವಿತ್ತು, ಆ ಅವಸರ ಬೇರೆಯವರಿಗೆ ಕಾಣಬಾರದೆಂಬ ನಾಚಿಕೆಯಿತ್ತು. ಅವಳು ಬಾಗಿಲನ್ನು ಎಳೆದು ತೆಗೆದಾಗ ಬಜಾರಿನ ಗದ್ದಲವೆಲ್ಲ ಒಟ್ಟಿಗೆ ಒಳಗೆ ಬಿತ್ತು. ಹೊರಗೆ ಒಬ್ಬ ಮುದುಕ ಬಗಲಲ್ಲಿ ಟ್ಯೂಬ್‌ಲೈಟು ಹಿಡಿದು ಹೋಗುತ್ತಿದ್ದ.

“ಬನ್ನಿ,” ಎಂದಳು ಅಮ್ಮ ಅವನಿಗೆ. “ಮೇಲೆ ಬನ್ನಿ. ಮೆಟ್ಲು ಹುಷಾರು, ಮೂರನೇದು ಅಲ್ಲಾಡುತ್ತೆ. ಅವರು ಇನ್ನೇನು ಬಂದುಬಿಡ್ತಾರೆ.”

ಮುದುಕ ಅಮ್ಮನನ್ನು ನೋಡಿ, ಇಲ್ಲದ ಮೆಟ್ಟಿಲನ್ನು ನೋಡಿ, “ಇನ್ನೊಂದು ದಿನ ಬರ್ತೀನಿ ತಾಯಿ,” ಎಂದು ಹೇಳಿ ಹೋದ. ಒಳ್ಳೆಯ ಮನುಷ್ಯ.

“ಯಾವ ಮೆಟ್ಲು?” ಎಂದ ತಮ್ಮ. ಅವರು ಹುಟ್ಟಿ ಬೆಳೆದದ್ದು ನೆಲಮಟ್ಟದ ಮನೆಯಲ್ಲಿ.

“ಪ್ರೆಸ್ಸಿನ ಮೇಲಿನ ರೂಮು,” ಎಂದಳು ಅಕ್ಕ. ಮದುವೆಯಾದ ಹೊಸದರಲ್ಲಿ ಅಪ್ಪ ಅಮ್ಮ ಒಂದು ಮುದ್ರಣಾಲಯದ ಮೇಲೆ ಬಾಡಿಗೆಗೆ ಇದ್ದರಂತೆ. ಅಪ್ಪ ಆಗಾಗ ಹೇಳುತ್ತಿದ್ದ: ಕೆಳಗಿನ ಯಂತ್ರದ ಸದ್ದಿಗೆ ಮೇಲಿನ ಲೋಟಗಳು ತಾವಾಗಿ ನಡೆದಾಡುತ್ತಿದ್ದವು, ಆ ಸದ್ದಿನಲ್ಲೂ ಕೇಳಲೆಂದು ಬಾಗಿಲಿಗೆ ಕಾರ್ಖಾನೆಯ ಗಂಟೆ ಹಾಕಿಸಿದ್ದರು. ಅಕ್ಕ ಹುಟ್ಟುವುದಕ್ಕೆ ಮುಂಚೆ. ಅಕ್ಕ ಎನ್ನುವುದೊಂದು ಹುಟ್ಟಬಹುದು ಎಂದು ಯಾರೂ ಯೋಚಿಸುವುದಕ್ಕೂ ಮುಂಚೆ.

ಅಕ್ಕ ಅಮ್ಮನ ಪಕ್ಕದಿಂದ ಹಾದು ಹೊರಗೆ ಹೋದಳು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಗಾಜಿನ ಆಚೆಯಿಂದ ತಮ್ಮನಿಗೆ ಬೆರಳು ತೋರಿಸಿ, ಒತ್ತು ಎಂದು ಸನ್ನೆ ಮಾಡಿದಳು. ತಮ್ಮ ಬೇಡವೆಂದು ತಲೆಯಾಡಿಸಿದ. ಅವನಿಗೆ ಗೊತ್ತಿದ್ದ ಬೇಡಗಳಲ್ಲಿ ಇಂಥದ್ದೊಂದು ಇರಲಿಲ್ಲ. ಅಕ್ಕ ಮತ್ತೆ ಸನ್ನೆ ಮಾಡಿದಳು.

ಗರ್ರ್ರ್.

ಅಮ್ಮ ಬಾಗಿಲು ತೆಗೆದಳು. ಇಬ್ಬರ ನಡುವೆ ಗಾಜೂ ಇರಲಿಲ್ಲ. ಅಮ್ಮ ಅವಳನ್ನು ಮುಖದಿಂದ ಕಾಲಿನವರೆಗೆ, ಕಾಲಿನಿಂದ ಮುಖದವರೆಗೆ ನೋಡಿದಳು. ಗುರುತಿರಲಿಲ್ಲ, ಆದರೆ ಬಹಳ ದಿನದಿಂದ ಅಮ್ಮನ ಕಣ್ಣಿನಲ್ಲಿ ಕಾಣದಿದ್ದ ಕುತೂಹಲವಿತ್ತು.

“ಯಾರು ಬೇಕಾಗಿತ್ತು?”

ಅಕ್ಕನ ಬಾಯಿಗೆ ಬಂದ ಪದ ಒಂದೇ, ಅದು ಈ ಬಾಗಿಲಿಗೆ ಹೊಂದುವಂಥದ್ದಲ್ಲ. “ನಿಮ್ಮನ್ನೇ,” ಎಂದಳು. “ನಿಮ್ಮನ್ನೇ ನೋಡಿ ಹೋಗೋಣ ಅಂತ ಬಂದೆ.”

“ನನ್ನನ್ನಾ?” ಅಮ್ಮನ ಮುಖ ಹೊಳೆಯಿತು. “ನನ್ನ ನೋಡೋಕೆ ಈ ಊರಲ್ಲಿ ಯಾರೂ ಬರಲ್ಲ. ಬರೋರೆಲ್ಲ ಅವರನ್ನ ಕೇಳ್ಕೊಂಡು ಬರೋರು. ನನಗೆ ಯಾರದ್ದೂ ಪರಿಚಯ ಇಲ್ಲ ನೋಡಿ, ಹೊಸಬಳು ನಾನು. ಬನ್ನಿ, ಬನ್ನಿ. ಎಷ್ಟು ದೂರದಿಂದ ಬಂದ್ರಿ?”

“ದೂರ ಏನಿಲ್ಲ. ಇಲ್ಲೇ.”

“ಹಾಗಾದ್ರೆ ದಿನಾ ಬರಬಹುದಲ್ಲ,” ಎಂದು ಅಮ್ಮ ಅವಳ ಮಣಿಕಟ್ಟು ಹಿಡಿದು ಒಳಗೆ ಕರೆತಂದು, ತಾನು ಕೂತಿದ್ದ ಕುರ್ಚಿಯಲ್ಲೇ ಕೂರಿಸಿದಳು. ಕೈಚೀಲವನ್ನು ಎತ್ತಿ ಪಕ್ಕಕ್ಕಿಟ್ಟಳು. ಮದುವೆಗೆ ಮುಂಚೆ ತಾನು ಚೆನ್ನಾಗಿ ಸೈಕಲ್ಲು ಹೊಡೆಯುತ್ತಿದ್ದದ್ದು, ಇಲ್ಲಿ ಹೊಡೆದರೆ ನಗುತ್ತಾರೇನೋ ಎಂಬ ಭಯ, ಕೆಳಗಿನ ಯಂತ್ರ ನಿಂತಾಗಲೇ ತನಗೆ ಎಚ್ಚರವಾಗುವುದು, ಒಂದೊಂದಾಗಿ ಎಲ್ಲ ಹೇಳತೊಡಗಿದಳು. ಅಮ್ಮನಿಗೆ ಸೈಕಲ್ಲು ಬರುತ್ತದೆಂದು ಅಕ್ಕನಿಗೆ ಈ ಜನ್ಮದಲ್ಲಿ ಗೊತ್ತಿರಲಿಲ್ಲ. “ಬಿದ್ದಿಲ್ವಾ ನೀವು?” ಎಂದು ಕೇಳಿದಳು. “ಬಿದ್ದೆ,” ಎಂದು ಅಮ್ಮ ಮೊಣಕಾಲು ಮುಟ್ಟಿಕೊಂಡು ನಕ್ಕಳು. ಆ ನಗು ಅಮ್ಮನದಲ್ಲ. ಅಮ್ಮನಾಗುವುದಕ್ಕೆ ಮುಂಚಿನವಳದು.

ಸೇಮಣ್ಣ ಕೌಂಟರಿನ ಮೇಲೆ ಎರಡು ಪೆಟ್ಟಿಗೆ ಇಟ್ಟುಕೊಂಡು ಕಾಯುತ್ತಿದ್ದ, ಒಂದು ಹಳದಿ, ಒಂದು ಕಪ್ಪು. ಅವನೂ ಸೇಮ್ ಟು ಸೇಮ್ ಎನ್ನಲಿಲ್ಲ. “ಯಾವುದು ಕೊಡ್ಲಿ ಮೇಡಂ?”

ಅಕ್ಕ ಕಪ್ಪು ಪೆಟ್ಟಿಗೆಯ ಕಡೆ ಬೆರಳು ತೋರಿಸಿದಳು.

“ಅಕ್ಕಾ,” ತಮ್ಮ ಅವಳನ್ನು ಪಕ್ಕಕ್ಕೆ ಎಳೆದ. ಅವನ ಸ್ವಂತ ದನಿ ಅಷ್ಟು ಸಣ್ಣದೆಂದು ಅವಳು ಮರೆತೇಬಿಟ್ಟಿದ್ದಳು. “ಸ್ವಲ್ಪ ಯೋಚನೆ ಮಾಡು. ಹಳೇದನ್ನೇ ಹಾಕೋಣ, ಕೇಳ್ತಾ ಕೇಳ್ತಾ ಒಂದಿನ ನೆನಪಾಗಬಹುದು. ಇದನ್ನ ಹಾಕಿದ್ರೆ ನಿನ್ನ ಮನೆಗೆ ನೀನೇ ದಿನಾ ನೆಂಟಳಾಗಿ ಬರಬೇಕು.”

“ನೆಂಟರಿಗೆ ಮರ್ಯಾದೆ ಜಾಸ್ತಿ ಕಣೋ,” ಎಂದಳು ಅಕ್ಕ.

ಅವನು ನಗಲಿಲ್ಲ. “ಹಳೇದೂ ಕೊಡಿ,” ಎಂದ ಸೇಮಣ್ಣನಿಗೆ. “ನನ್ನ ರೂಮಿಗೆ.”

ಮರುದಿನ ಸಂಜೆ ಕನ್ನಡಕದ ಅಂಗಡಿಯಿಂದ ಅಕ್ಕ ಬಂದಾಗ ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ಕಪ್ಪು ಗುಂಡಿಯಿತ್ತು, ಅದರ ಸುತ್ತ ತಮ್ಮ ಹಚ್ಚಿದ ಸಿಮೆಂಟು ಇನ್ನೂ ಒದ್ದೆ. ಎದುರು ಮನೆಯ ಆಂಟಿಗೆ ಹೇಳಿಟ್ಟಾಗಿತ್ತು, ಗಂಟೆಯಾದರೆ ನೀವು ಏಳಬೇಡಿ ಎಂದು. ಅಕ್ಕ ಗುಂಡಿ ಒತ್ತಿದಳು. ಒಳಗೆ ದುಂಬಿ ಗುಂಯ್ಗುಟ್ಟಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕುರ್ಚಿ ಕಿರುಗುಟ್ಟಿದ ಸದ್ದು, ನೆಲದ ಮೇಲೆ ಚಪ್ಪಲಿ ಎಳೆಯುವ ಸದ್ದು, ನಡುವೆ ಒಂದು ಕಡೆ ಅದು ನಿಂತದ್ದು, ಕೂದಲು ಸರಿಮಾಡಿಕೊಳ್ಳುವಷ್ಟು ಹೊತ್ತು.

ಚಿಲಕ ಸರಿಯಿತು. ಅಕ್ಕ ಕೀಲಿಕೈಯನ್ನು ಚೀಲದೊಳಗೆ ಹಾಕಿ, ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದು, ಹೊಸಬರು ನಿಲ್ಲುವ ಹಾಗೆ ನಿಂತಳು.